ಎಣಿಸದೆ ಬಿಟ್ಟಿದ್ದು

ನಮ್ಮ ಮಾವನವರಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ಬೆಟ್ಟದ ಮೇಲಿನ ಗಿಡಗಳನ್ನು ಅವರು ಹುರುಳಿ ಕಾಳಿನಲ್ಲಿ ಎಣಿಸಿ ತರುತ್ತಿದ್ದರು. ಒಂದು ಗಿಡಕ್ಕೆ ಒಂದು ಕಾಳು. ಖಾಕಿ ಅಂಗಿಯ ಜೇಬಿಗೆ ಹುರುಳಿ ತುಂಬಿಕೊಂಡು ಹೋಗುವುದು, ಗಿಡ ಕಂಡಾಗೆಲ್ಲ ಒಂದು ಕಾಳು ತೆಗೆದು ಕೈಯಲ್ಲಿದ್ದ ಬಟ್ಟೆ ಚೂರಿಗೆ ಹಾಕುವುದು, ಮುಗಿದ ಮೇಲೆ ಗಂಟು ಕಟ್ಟುವುದು. ಸಂಜೆ ಬಂದು ಆ ಗಂಟನ್ನು ನನ್ನ ಕೈಗೆ ಕೊಟ್ಟರೆ ಅವರ ಕೆಲಸ ಮುಗಿಯಿತು. ಅದನ್ನು ಮೊರಕ್ಕೆ ಸುರಿದುಕೊಂಡು ಎಣಿಸಿ, ಚೀಟಿಯಲ್ಲಿ ಬರೆದು, ಮಾರನೇ ದಿನ ಚಾಮರಾಜನಗರದ ಕಾಲೇಜಿಗೆ ಒಯ್ಯುವುದು ನನ್ನ ಕೆಲಸ. ಎಣಿಸಿದ ಹುರುಳಿಯನ್ನು ಸಾರಿಗೆ ಹಾಕಲು ಯಾಕೋ ಮನಸ್ಸಾಗುತ್ತಿರಲಿಲ್ಲ. ಹಿತ್ತಿಲಿಗೆ ಎರಚುತ್ತಿದ್ದೆ. ಒಂದು ವಾರದಲ್ಲಿ ಅಲ್ಲೆಲ್ಲ ಎರಡೆರಡು ಎಲೆಯ ಮೊಳಕೆ ಬರುತ್ತಿತ್ತು.

ಇದೆಲ್ಲ ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹರದನಹಳ್ಳಿಯಿಂದ ಭೀಮನಬೀಡಿಗೆ ಸೊಸೆಯಾಗಿ ಬಂದ ಮೇಲೂ ನಾನು ಕಾಲೇಜಿನ ಕೆಲಸ ಬಿಟ್ಟಿರಲಿಲ್ಲ. ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಸಹಾಯಕಿ. ಬೆಳಗ್ಗೆ ಗುಂಡ್ಲುಪೇಟೆಗೊಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು. ಗಂಡ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಅತ್ತೆ ನಾನು ಬರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಮನೆ ಎಂದರೆ ನಾನು ಮತ್ತು ಮಾವ. ಅವರು ಮಳೆಗಾಲದಲ್ಲಿ ಹೊಲ ನೋಡಿಕೊಳ್ಳುತ್ತಿದ್ದರು, ಉಳಿದ ದಿನ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿ ಬೆಂಕಿ ಬೀಳದಂತೆ ಕಾಯುತ್ತಿದ್ದರು. ಅದರ ಜೊತೆಗೆ ಊರಿನಲ್ಲಿ ಇನ್ನೊಂದು ಹೆಸರಿತ್ತು ಅವರಿಗೆ. ಯಾರ ಕಣದಲ್ಲಿ ರಾಶಿ ಆದರೂ ಕೊಳಗ ಹಿಡಿದು ಅಳೆಯಲು ಅವರನ್ನೇ ಕರೆಯುತ್ತಿದ್ದರು. ಅವರ ಕೈ ಅಳತೆಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಗುಂಡ್ಲುಪೇಟೆ ಕಡೆಯವರಿಗೆ ಬೆಟ್ಟ ಎಂದರೆ ಒಂದೇ. ಹೆಸರು ಹೇಳುವ ಅಗತ್ಯವಿಲ್ಲ. ದೇವಸ್ಥಾನದವರೆಗೆ ರಸ್ತೆ ಇದೆ. ಅಲ್ಲಿಂದ ಆಚೆ ಬೆಟ್ಟದ ಬೆನ್ನಿನ ಹಾಗೆ ಏರುವ ಹುಲ್ಲಿನ ಏಣು, ಅದರ ತುದಿಯಲ್ಲಿ ಬಂಡೆಗಳ ನೆತ್ತಿ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ನಮ್ಮ ವಿಭಾಗದ ಮೇಡಂ ಒಪ್ಪಿಗೆ ಪಡೆದು ಒಂದು ಸಲ ಹೋಗಿ ಬಂದಿದ್ದರು. ಬಂದವರು ಆ ನೆತ್ತಿಯ ಮೇಲೆ ಇರುವ ಗೇಣುದ್ದವೂ ಇಲ್ಲದ ಒಂದು ಗಿಡದ ಬಗ್ಗೆಯೇ ಮಾತಾಡತೊಡಗಿದರು. ವರ್ಷಕ್ಕೊಮ್ಮೆ ಯಾರಾದರೂ ಅದನ್ನು ಎಣಿಸಿ ಹೇಳುವವರು ಬೇಕು, ನನ್ನ ಮಂಡಿಗೆ ಆಗುವುದಿಲ್ಲ ಎಂದರು. ಬಾಯಿ ಸುಮ್ಮನಿರಬೇಕಲ್ಲ. "ನಮ್ಮ ಮಾವ ಅಲ್ಲೇ ಓಡಾಡೋರು ಮೇಡಂ," ಎಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಮಾವ ನಕ್ಕಿದ್ದರು. "ಗಿಡ ಎಣ್ಸಕೂ ಜನ ಬೇಕಾ? ಆಯ್ತು ಬುಡು. ನಾ ದಿನಾ ಓಗೋ ಜಾಗ ಅದು." ಆದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗ, ಮೇಡಂ ನಿಜವಾಗಿಯೂ ತಮ್ಮನ್ನೇ ಕೇಳಿದರಾ ಎಂದು ಎರಡು ಸಲ ವಿಚಾರಿಸಿದರು. ಒಳಗೊಳಗೇ ಹೆಮ್ಮೆ ಇತ್ತು.

ಮೊದಲ ವರ್ಷ ಮೇಡಂ, ಮಾವ, ನಾನು ಮೂವರೂ ಹೋದೆವು. ದೀಪಾವಳಿ ಕಳೆದ ಮೊದಲ ಸೋಮವಾರ. ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಮಾವನ ಬಿಳಿ ಟವೆಲು ಕಾಣುತ್ತಿತ್ತೇ ಹೊರತು ಮಾವ ಕಾಣುತ್ತಿರಲಿಲ್ಲ. ನೆತ್ತಿಯ ಬಂಡೆಗಳ ಸಂದಿಯಲ್ಲಿ ಆ ಗಿಡ ಇತ್ತು. ಎಲೆಗಳು ಬಂಡೆಗೆ ಅಂಟಿಕೊಂಡು ಮಲಗಿದ್ದವು. ಮೇಲೆಲ್ಲ ಸಣ್ಣ ರೋಮ, ಅದರ ತುದಿಯಲ್ಲಿ ಮಂಜಿನ ಹನಿ. ಹೂವು ನೀಲಿ, ಮೂಗುತಿಯಷ್ಟು. ಮೇಡಂ ಹೇಳಿದ ಉದ್ದನೆಯ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ನಮ್ಮೂರಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಔಷಧಿಗೂ ಬಾರದ, ದನವೂ ಮುಟ್ಟದ ಗಿಡಕ್ಕೆ ಯಾರು ಹೆಸರಿಡುತ್ತಾರೆ?

ನಿಜ ಹೇಳಬೇಕೆಂದರೆ ನನಗೆ ನಿರಾಸೆಯಾಗಿತ್ತು. ಇದಕ್ಕೋಸ್ಕರ ಅಷ್ಟು ದೂರ ಹತ್ತಿ ಬಂದೆವಾ ಎನಿಸಿತು.

ಮೇಡಂ ನಾಲ್ಕು ಬಂಡೆಗಳಿಗೆ ಬಿಳಿ ಬಣ್ಣ ಬಳಿದು, ಇದರ ಒಳಗೆ ಇರುವುದನ್ನೆಲ್ಲ ಎಣಿಸಬೇಕು ಎಂದು ತೋರಿಸಿದರು. ಆಮೇಲೆ ಮಾವನಿಗೆ ತಿಳಿಯುವ ಹಾಗೆ ವಿವರಿಸಿದರು. ಈ ಗಿಡಕ್ಕೆ ತಂಪು ಬೇಕು, ಮಂಜು ಬೇಕು. ಕೆಳಗೆ ಸೆಖೆ ಹೆಚ್ಚಾದ ಹಾಗೆಲ್ಲ ಕೆಳಗಿನ ಗಿಡಗಳು ತಲೆಮಾರಿಂದ ತಲೆಮಾರಿಗೆ ಒಂದೊಂದು ಮೆಟ್ಟಿಲು ಮೇಲಕ್ಕೆ ಹತ್ತಿಕೊಂಡು ಬರುತ್ತವೆ. ಇದು ಮಾತ್ರ ಆಗಲೇ ತುದಿಯಲ್ಲಿದೆ.

"ಅಂಗಾದ್ರೆ ಇದು ಎಲ್ಲಿಗೆ ಓಯ್ತದೆ ಮೇಡಮ್ಮೋರೆ?" ಎಂದು ಮಾವ ಕೇಳಿದರು.

"ಎಲ್ಲಿಗೂ ಇಲ್ಲ ಯಜಮಾನರೇ. ಇನ್ನು ಮೇಲೆ ಜಾಗ ಇಲ್ಲವಲ್ಲ."

ಮಾವ ತಲೆಯೆತ್ತಿ ಮೇಲೆ ನೋಡಿದರು. ಮಂಜು ಬಿಟ್ಟರೆ ಏನೂ ಇರಲಿಲ್ಲ.

ಎಣಿಕೆ ಶುರುವಾಯಿತು. ಮಾವ ಬಗ್ಗಿ ಮೊದಲ ಗಿಡ ಮುಟ್ಟಿ, "ಲಾಭ" ಎಂದು ಹೇಳಿ ಒಂದು ಕಾಳು ಹಾಕಿದರು. ಮೇಡಂ ನನ್ನ ಮುಖ ನೋಡಿದರು. "ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ ಮೇಡಂ, ಲಾಭ ಅಂತಾರೆ," ಎಂದೆ. "ಒಂದು ಅಂದ್ರೆ ಒಂಟಿ ಆಗ್ಬುಡ್ತದೆ," ಎಂದು ಮಾವ ಸೇರಿಸಿದರು. ಮೇಡಂಗೆ ಖುಷಿಯೋ ಖುಷಿ. ಹತ್ತು ಹದಿನೈದು ಗಿಡ ಎಣಿಸುವುದನ್ನು ನಿಂತು ನೋಡಿ, ಇವರ ಕೈಗೆ ಕೆಲಸ ಒಪ್ಪಿಸಬಹುದು ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರಿಗೆ ಮಂಡಿ ನೋಯುತ್ತಿತ್ತು. ನಾವಿಬ್ಬರೂ ಬಂಡೆಯ ಮರೆಗೆ ಬಂದು ಫ್ಲಾಸ್ಕಿನ ಕಾಫಿ ಕುಡಿದೆವು. ಮಾವ ಉಳಿದದ್ದನ್ನು ಮುಗಿಸಿಕೊಂಡು ಗಂಟು ಹಿಡಿದು ಬಂದರು. ಆಗಲೇ ನನಗೆ ಒಂದು ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮಾವ ಒಬ್ಬರೇ ಹೋಗಿ ಬರುತ್ತಿದ್ದರು. ಮೊದಲ ಗಂಟು ಮುಷ್ಟಿ ತುಂಬ ಇತ್ತು. ಎರಡನೆಯದು ಸ್ವಲ್ಪ ಸಡಿಲ. ಮೂರನೆಯದನ್ನು ಬಿಚ್ಚಿ ಮೊರಕ್ಕೆ ಸುರಿದಾಗ ಸದ್ದೇ ಬೇರೆಯಾಗಿತ್ತು. ನಾಲ್ಕನೇ ವರ್ಷ ಕಾಳುಗಳನ್ನು ಎರಡು ಸಲ ಎಣಿಸಿದೆ, ಬಟ್ಟೆಯನ್ನು ಒದರಿ ನೋಡಿದೆ, ದಾರಿಯಲ್ಲಿ ಚೆಲ್ಲಿಬಿಟ್ಟಿರಾ ಎಂದು ಮಾವನನ್ನು ಕೇಳಿದೆ. "ನಾ ಯಾಕ್ ಚೆಲ್ಲಲವ್ವ," ಎಂದು ಅವರಿಗೆ ಬೇಸರವಾಯಿತು.

ಯಾಕೆ ಹೀಗೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಮೇಡಂ ಸೆಖೆ ಎಂದರು. ಬಸ್ಸಿನಲ್ಲಿ ಒಬ್ಬರು ಫೋನಿನ ಟವರು ಎಂದರು. ದೇವಸ್ಥಾನಕ್ಕೆ ಬರುವ ಗಾಡಿಗಳ ಹೊಗೆ ಎಂದು ಇನ್ನೊಬ್ಬರು. ಮೊದಲೆಲ್ಲ ಅಷ್ಟೆತ್ತರಕ್ಕೆ ಬಾರದಿದ್ದ ಲಂಟಾನ ಪೊದೆ ಈಗ ಏಣಿನ ಅರ್ಧಕ್ಕೆ ಬಂದಿದೆ ಎಂದು ಮಾವ ಹೇಳಿದರು. ನನಗೆ ಕಣ್ಣಾರೆ ಗೊತ್ತಿದ್ದುದು ಒಂದೇ, ಮಾವನ ಟವೆಲು. ಮದುವೆಯಾದ ಹೊಸದರಲ್ಲಿ ಅವರು ಬೆಟ್ಟದಿಂದ ಇಳಿದು ಬಂದರೆ ಮೊದಲು ಟವೆಲು ಹಿಂಡಿ ತಂತಿಗೆ ಹಾಕಬೇಕಿತ್ತು. ಮಳೆ ಇಲ್ಲದ ದಿನವೂ ಅಷ್ಟು ಒದ್ದೆ. ಬರಬರುತ್ತ ಅದು ತೇವ ಮಾತ್ರ ಆಗಿರುತ್ತಿತ್ತು. ಆಮೇಲಾಮೇಲೆ ಒಣಗಿದ್ದೇ ಬರುತ್ತಿತ್ತು, ಬೆವರಿನ ವಾಸನೆಯ ಜೊತೆ. ಹಾಗಂತ ಮಂಜು ನಿಂತೇಹೋಗಿದೆಯಾ ಎಂದರೆ ಅದೂ ಇಲ್ಲ. ಒಂದೊಂದು ದಿನ ಹಳೆಯ ಹಾಗೇ ಬರುತ್ತಿತ್ತು. ಆ ದಿನ ನನಗೆ, ಛೆ, ನಾವೇ ಏನೇನೋ ಕಲ್ಪಿಸಿಕೊಳ್ಳುತ್ತಿದ್ದೇವೆ ಎನಿಸುತ್ತಿತ್ತು.

ಐದನೇ ವರ್ಷ ಮಾವ ಗಂಟು ಕೊಡಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿ ಇಟ್ಟರು. ಒಳಗೆ ಒಂದು ಕಾಳೂ ಇರಲಿಲ್ಲ. ಅವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಊಟ ಮಾಡಿದರು. ಆ ಸಮಾಧಾನ ನೋಡಿ ನನಗೆ ಮೈ ಉರಿಯಿತು. ಐದು ವರ್ಷ ಎಣಿಸಿದ ಗಿಡ, ಇಲ್ಲವಾಗಿದೆ, ಇವರಿಗೆ ಹಸಿವು!

ಮಾರನೇ ದಿನ ಚೀಟಿ ನೋಡಿ ಮೇಡಂ ಕುರ್ಚಿಯಲ್ಲಿ ಕುಳಿತರು. ತಮ್ಮ ಹಸಿರು ರಟ್ಟಿನ ಪುಸ್ತಕ ತೆಗೆದು ಸೊನ್ನೆ ಬರೆದರು. "ಆಯ್ತಮ್ಮ. ಆ ನೆತ್ತಿಯಲ್ಲಿ ಇನ್ನಿಲ್ಲ ಅಂತ ಬರೆದು ಕಳಿಸಬೇಕು. ನಿಮ್ಮ ಮಾವನಿಗೆ ನನ್ನ ಪರವಾಗಿ ನಮಸ್ಕಾರ ಹೇಳು," ಎಂದರು. ನಾನು ಗಾಜಿನ ಸ್ಲೈಡುಗಳನ್ನು ತೊಳೆಯಲು ಹೋದೆ. ತೊಳೆದಿದ್ದನ್ನೇ ಇನ್ನೊಮ್ಮೆ ತೊಳೆದೆ.

ಸಂಜೆ ಮನೆಗೆ ಬಂದು ಮಾವನಿಗೆ ಹೇಳಿದೆ. "ಮೇಡಂ ಬರೆದು ಕಳಿಸ್ತಾರಂತೆ, ಅಲ್ಲಿ ಆ ಗಿಡ ಇಲ್ಲ ಅಂತ."

ಮಾವ ಹೆಡಿಗೆಗೆ ದಾರ ಸುತ್ತುತ್ತಿದ್ದವರು ಕೈ ನಿಲ್ಲಿಸಿದರು. "ಇಲ್ಲ ಅಂತ ಯಾರು ಯೋಳ್ದೋರು?"

"ನೀವೇ ಖಾಲಿ ಬಟ್ಟೆ ಕೊಟ್ಟಿರಲ್ಲ!"

"ಎಣ್ಸಕೆ ಇಲ್ಲ ಕಣವ್ವ. ಗಿಡ ಅವೆ."

"ಇದ್ದರೆ ಎಣಿಸಬೇಕಿತ್ತಲ್ಲ ಮಾವ?"

"ಅವು ಎಣ್ಸೋವಲ್ಲ. ಉಲುಸಿಗೆ ಬುಟ್ಟಿರೋವು." ದಡ್ಡಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳಿದರು. "ರಾಸಿ ತಳ ಬಳ್ದು ಅಳೀತಾರಾ ಯಾರಾರ? ನಿಮ್ಮೂರಲ್ಲಿ ಅಳೀತಾರಾ? ತಳ ಅಳ್ದ್ರೆ ಮುಂದ್ಲೊರ್ಸ ಕಣಕ್ಕೇ ಬರಕಿಲ್ಲ."

ನಾನು ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ನಮ್ಮಪ್ಪನ ಕಣದಲ್ಲೂ ಹಾಗೇ. ಕೊಳಗದಿಂದ ಅಳೆಯುತ್ತ ಅಳೆಯುತ್ತ ಕೊನೆಗೆ ಒಂದು ಮೊರದಷ್ಟು ಧಾನ್ಯ ಉಳಿದಾಗ ಕೈ ನಿಲ್ಲಿಸುತ್ತಾರೆ. ಅದನ್ನು ಅಳೆಯುವುದಿಲ್ಲ, ಅದರ ಕಡೆ ನೋಡುವುದೂ ಇಲ್ಲ, ಹಾಗೇ ಬಾಚಿ ತುಂಬುತ್ತಾರೆ. ಹುಲುಸು ಅದರಲ್ಲಿದೆ ಎಂದು. ಮಾವ ಪ್ರತಿ ವರ್ಷವೂ ಬೆಟ್ಟದ ಮೇಲೆ ಅದನ್ನೇ ಮಾಡಿದ್ದರು. ಎಣಿಸುತ್ತ ಹೋಗಿ ಕೊನೆಯಲ್ಲಿ ಒಂದು ಮೊರದಷ್ಟು ಜಾಗ ಉಳಿದಾಗ ಮುಖ ತಿರುಗಿಸಿಕೊಂಡು ಗಂಟು ಕಟ್ಟಿದ್ದರು. ಗಿಡ ಬೇಕಾದಷ್ಟಿದ್ದಾಗ ಒಂದು ಮೊರ ಬಿಟ್ಟರೆ ತಿಳಿಯುತ್ತಿರಲಿಲ್ಲ. ಒಂದು ಮೊರದಷ್ಟೇ ಉಳಿದಾಗ ಒಂದು ಮೊರ ಬಿಟ್ಟರೆ ಸೊನ್ನೆ. ಮೊದಲ ದಿನ ಅವರು "ಲಾಭ" ಎಂದಾಗಲೇ ನನಗೆ ಗೊತ್ತಾಗಬೇಕಿತ್ತು. ಕಣದಲ್ಲಿ ಶುರು ಮಾಡುವ ಹಾಗೆ ಶುರು ಮಾಡಿದವರು ಕಣದಲ್ಲಿ ಮುಗಿಸುವ ಹಾಗೆ ತಾನೇ ಮುಗಿಸುವುದು? ಕಾಫಿ ಕುಡಿಯುತ್ತ ಕುಳಿತಿದ್ದೆ ನಾನು.

"ಬಿಟ್ಟಿದ್ದು ಯಾವ ಜಾಗದ್ದು ಮಾವ? ಪ್ರತಿ ವರ್ಷ ಒಂದೇ ಜಾಗವಾ?"

"ಅದೆಂಗೆ ಒಂದೇ ಜಾಗ ಆದದು? ಕೊನೇಲಿ ಯಾವ್ದು ಉಳ್ಕತ್ತದೋ ಅದು."

ಒಂದೇ ಜಾಗವಾಗಿದ್ದರೆ ಹಳೆಯ ಲೆಕ್ಕಕ್ಕೆ ಅರ್ಥವಾದರೂ ಇರುತ್ತಿತ್ತು. ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಆ ವಾರವೆಲ್ಲ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅದೇ ಯೋಚನೆ. ಹೇಳಿದರೆ ಮೇಡಂ ಐದು ವರ್ಷದಿಂದ ಬರೆದುಕೊಂಡಿದ್ದೆಲ್ಲ ಹೊಳೆಗೆ ಹೋದ ಹಾಗೆ. ಮಾವನ ಹೆಸರು ಹೇಳಿದವಳು ನಾನೇ. ಊರಿನಲ್ಲಿ ಅಳತೆಗೆ ಹೆಸರಾದ ಮನುಷ್ಯ, ಕಾಲೇಜಿನವರ ಮುಂದೆ ಎಣಿಕೆ ಬಾರದವನಾಗುತ್ತಾನೆ. ಹೇಳದಿದ್ದರೆ ಬದುಕಿರುವ ಗಿಡವನ್ನು ಸತ್ತಿದೆ ಎಂದು ಬರೆಯುತ್ತಾರೆ. ಇಲ್ಲದ ಗಿಡವನ್ನು ಕಾಯುವವರು ಯಾರು? ಆಮೇಲೆ ಅಲ್ಲಿ ಯಾರು ಏನು ಮಾಡಿದರೂ ಕೇಳುವವರಿರುವುದಿಲ್ಲ. ತೆರಕಣಾಂಬಿ ದಾಟುವಾಗ ಹೇಳಿಬಿಡಬೇಕು ಎನಿಸುತ್ತಿತ್ತು, ಕಾಲೇಜಿನ ಗೇಟು ಕಂಡಾಗ ಬೇಡ ಎನಿಸುತ್ತಿತ್ತು. ಕೊನೆಗೆ ಶನಿವಾರ ಹೇಳಿದೆ.

ಮೇಡಂ ಮೊದಲು ನಕ್ಕರು. ಆಮೇಲೆ ಪುಸ್ತಕ ತೆರೆದು ಒಂದೊಂದೇ ಹಾಳೆ ಮಗುಚಿದರು, ಮುಖ ಕಪ್ಪಾಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಇದೆಯಾ? ಇನ್ನೂ ಇದೆಯಾ?" ಎಂದರು. ಆ ಮುಖವನ್ನು ನಾನು ಮರೆತಿಲ್ಲ. ಹೆರಿಗೆ ವಾರ್ಡಿನ ಹೊರಗೆ ನಿಂತವರ ಮುಖ ಹಾಗಿರುತ್ತದೆ.

ಮತ್ತೆ ಮೂವರೂ ಹೋಗುವುದೆಂದು ಆಯಿತು. ಮಾವ ದಾರಿ ತೋರಿಸಲು ಒಪ್ಪಿದರು, ಎಣಿಸಲು ಒಪ್ಪಲಿಲ್ಲ. ಮೇಡಂ ಎದುರಿಗೆ ಕಾರಣ ಹೇಳದೆ, ಹೊರಡುವ ಹಿಂದಿನ ದಿನ ನನ್ನ ಹತ್ತಿರ ಮಾತ್ರ ಹೇಳಿದರು. "ನಾ ಎಣ್ಸಕಿಲ್ಲ ಕಣವ್ವ. ನನ್ನ ಕೈಲಿ ಅದು ಮುಗುದ್ರೆ ನಾ ತಡ್ಕಳಕಿಲ್ಲ. ನೀ ಬೇಕಾರೆ ಎಣ್ಸ್ಕ." ಅವರ ಕಣ್ಣಲ್ಲಿ ನೀರಿತ್ತು. ಹೆಸರಿಲ್ಲದ ಆ ಗಿಡವನ್ನು ಅವರು ಅಷ್ಟು ಹಚ್ಚಿಕೊಂಡಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಖಾಲಿ ಬಟ್ಟೆ ಕೊಟ್ಟ ದಿನ ಎರಡು ಮುದ್ದೆ ತಿಂದಿದ್ದು ಅದು ಇದೆ ಎಂಬ ನಂಬಿಕೆಯಿಂದ.

ಅಂದು ಮಂಜು ಇರಲಿಲ್ಲ. ಒಂಬತ್ತು ಗಂಟೆಗೆಲ್ಲ ಬಂಡೆ ಬಿಸಿಯಾಗಿತ್ತು. ಮೇಡಂ ಬಳಿದ ಬಿಳಿ ಬಣ್ಣ ಅರ್ಧ ಉದುರಿತ್ತು. ಮೊದಲ ವರ್ಷ ನೋಡಿದ ಸಂದಿಗಳಲ್ಲಿ ಒಣ ಹುಲ್ಲು ಬಿಟ್ಟು ಏನೂ ಇಲ್ಲ. ಮಾವ ನಮ್ಮನ್ನು ಬಿಳಿ ಗುರುತಿನ ಒಳಗೇ ಉತ್ತರದ ಕಡೆ ಇದ್ದ ಒಂದು ಹಾಸುಬಂಡೆಗೆ ಕರೆದುಕೊಂಡು ಹೋದರು. ಅದರ ಕೆಳಗೆ ಬಿಸಿಲು ತಡವಾಗಿ ಬೀಳುವ ಒಂದು ಸೀಳು. ಅಲ್ಲಿಗೆ ಜಾರಿಕೊಂಡೇ ಇಳಿಯಬೇಕು. ಮೇಡಂ ಒಂದು ಹೆಜ್ಜೆ ಇಟ್ಟು ಮಂಡಿ ಹಿಡಿದು ನಿಂತರು. ನನ್ನ ಕೈಗೆ ತಗಡಿನ ಚೀಟಿಗಳ ಕಟ್ಟು ಕೊಟ್ಟರು, ಒಂದೊಂದರ ಮೇಲೂ ನಂಬರು ಕೆತ್ತಿತ್ತು. "ಒಂದೊಂದು ಗಿಡದ ಪಕ್ಕಕ್ಕೂ ಒಂದೊಂದು ಸಿಕ್ಕಿಸು. ಒಂದನ್ನೂ ಬಿಡಬೇಡಮ್ಮ, ದಯವಿಟ್ಟು," ಎಂದರು.

ಸೆರಗು ಸಿಕ್ಕಿಸಿಕೊಂಡು ಇಳಿದೆ. ಹೊಟ್ಟೆಯ ಮೇಲೆ ಮಲಗಿ ನೋಡಬೇಕಾಯಿತು. ಇದ್ದವು! ಆರು ಗಿಡ. ಎರಡರಲ್ಲಿ ಮಾತ್ರ ಹೂವಿತ್ತು. ಮೊದಲ ವರ್ಷ ನೋಡಿ ನಿರಾಸೆಪಟ್ಟಿದ್ದ ಆ ಮೂಗುತಿ ಹೂವಿಗೆ ಈಗ ಉಸಿರೂ ತಾಗದಿರಲಿ ಎಂದು ಮುಖ ಹಿಂದಕ್ಕೆ ಎಳೆದುಕೊಂಡೆ. ಮೇಲೆ ಮೇಡಂ ಬಗ್ಗಿ ನೋಡುತ್ತಿದ್ದರು. ಅವರಾಚೆ ಮಾವ ನಮಗೆ ಬೆನ್ನು ಹಾಕಿ, ಟವೆಲು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಒಂದೊಂದೇ ತಗಡು ಸಿಕ್ಕಿಸುತ್ತ ಬಂದೆ. ಐದು ಆಯಿತು. ಆರನೆಯದನ್ನು ಕೈಯಲ್ಲಿ ಹಿಡಿದುಕೊಂಡೆ.

ಎಂಟು ಹತ್ತು ವರ್ಷ ವಿಜ್ಞಾನದ ಲ್ಯಾಬಿನಲ್ಲಿ ದುಡಿದವಳು ನಾನು. ಎಣಿಸಿದರೆ ಗಿಡ ಸಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ನನಗೇನಾಯಿತು ಎಂದು ಇವತ್ತಿಗೂ ಹೇಳಲಾರೆ. ಮುಖ ಆ ಕಡೆ ತಿರುಗಿಸಿಕೊಂಡು, ಆರನೇ ತಗಡನ್ನು ರವಿಕೆಯೊಳಗೆ ಹಾಕಿಕೊಂಡೆ.

"ಎಷ್ಟಮ್ಮಾ?"

"ಐದು ಮೇಡಂ."

ಮೇಡಂ ಬರೆದುಕೊಂಡರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ಕಾಣಲಿಲ್ಲ. ಇಳಿಯುವಾಗ ಅವರು ಮುಂದಾದರು, ನಾನೂ ಮಾವನೂ ಹಿಂದೆ. ಅರ್ಧ ದಾರಿಯಲ್ಲಿ ಮಾವ ಮೆಲ್ಲಗೆ ಕೇಳಿದರು.

"ತಳ ಬುಟ್ಟೇನವ್ವ?"

"ಬಿಟ್ಟೆ ಮಾವ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ಮಾತ್ರ ಎದೆಯಲ್ಲಿ ಆ ತಗಡು ಚುಚ್ಚುತ್ತಿತ್ತು. ಮಾವ ಗೊತ್ತಿಲ್ಲದೆ ಮಾಡಿದ ತಪ್ಪನ್ನು ನಾನು ಗೊತ್ತಿದ್ದೂ ಮಾಡಿದ್ದೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಮಾವ ಹೊಲದ ಬದುವಿನಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಬೆಟ್ಟ ಹತ್ತುವುದು ಅಲ್ಲಿಗೆ ನಿಂತಿತು. ಮೇಡಂಗೆ ಬೇರೆ ಊರಿಗೆ ವರ್ಗವಾಗುವ ಸುದ್ದಿ ಬಂದಿತ್ತು. ಹೋಗುವ ಮುಂಚೆ ಒಂದು ಸಲ ನೋಡಿ ಬಂದು ಹೇಳು ಎಂದರು. ಕಾರ್ತೀಕದ ಅದೇ ಸೋಮವಾರ ಇನ್ನೊಬ್ಬ ವಾಚರ್ ಜೊತೆ ಹೊರಟೆ. ಹೊರಡುವಾಗ ಮಾವ ಹಾಸಿಗೆಯಿಂದಲೇ ಕೈ ಚಾಚಿ, ಮಡಿಸಿದ ಆ ಹಳೆಯ ಬಟ್ಟೆಯನ್ನೂ ಒಂದು ಹಿಡಿ ಹುರುಳಿಯನ್ನೂ ಕೊಟ್ಟರು. ನನಗೆ ಬರೆಯಲು ಬರುತ್ತದೆ ಮಾವ ಎಂದು ಹೇಳಬಹುದಿತ್ತು. ಹೇಳದೆ ಚೀಲದಲ್ಲಿ ಹಾಕಿಕೊಂಡೆ.

ವಾಚರ್ ಮೇಲೆ ನಿಂತರು, ನಾನು ಸೀಳಿಗೆ ಇಳಿದೆ. ಐದು ತಗಡುಗಳೂ ನಾನು ಸಿಕ್ಕಿಸಿದ ಹಾಗೇ ಇದ್ದವು, ಹೊಳೆಯುತ್ತ. ಒಂದರ ಪಕ್ಕದಲ್ಲೂ ಗಿಡವಿರಲಿಲ್ಲ. ಎರಡರ ಬುಡದಲ್ಲಿ ಮುಟ್ಟಿದರೆ ಪುಡಿಯಾಗುವ ಕಂದು ಎಲೆ ಇತ್ತು. ಕೈಯಿಂದ ನೆಲ ಸವರುತ್ತ ಹೋದೆ. ಆಚೆ ಮೂಲೆಯಲ್ಲಿ, ತಗಡುಗಳಿಂದ ಗೇಣು ದೂರದಲ್ಲಿ, ಒಂದು ಗಿಡ. ಹೆಬ್ಬೆರಳ ಉಗುರಿನಷ್ಟು ಎಲೆ, ಹೂವಿಲ್ಲ. ರೋಮದ ಮೇಲೆ ಒಂದು ಹನಿಯೂ ಇಲ್ಲ. ಆದರೂ ಹಸಿರಾಗಿತ್ತು.

ಇದು ನಾನು ಬಿಟ್ಟಿದ್ದ ಆರನೆಯದಾ, ಅಥವಾ ಹೊಸದಾಗಿ ಹುಟ್ಟಿದ್ದಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹೇಗೆ ನೆನಪಾಗಬೇಕು, ಮುಖ ತಿರುಗಿಸಿಕೊಂಡವಳು ಬಿಟ್ಟಿದ್ದನ್ನು ಸರಿಯಾಗಿ ನೋಡಲೇ ಇಲ್ಲವಲ್ಲ ನಾನು. ಎಡಗಡೆಯದೋ ಬಲಗಡೆಯದೋ ಅದೂ ಗೊತ್ತಿಲ್ಲ. ಬಿಟ್ಟಿದ್ದೇ ಉಳಿದಿದ್ದರೆ ಮಾವ ಹೇಳಿದ್ದು ಸರಿ ಎಂದಾಗುತ್ತದಾ? ಐದು ಸತ್ತಿದ್ದು ನಾನು ಎಣಿಸಿದ್ದರಿಂದಲಾ, ಮೊಣಕೈ ಊರಿದ್ದರಿಂದಲಾ, ತಗಡು ಬಿಸಿಯಾಗಿದ್ದರಿಂದಲಾ? ಅಥವಾ ನಾವು ಯಾರೂ ಹೋಗದಿದ್ದರೂ ಆ ಬಿಸಿಲಿಗೆ ಸಾಯುತ್ತಿದ್ದವಾ? ಬಂಡೆಗೆ ಕೆನ್ನೆ ಒತ್ತಿಕೊಂಡು ಮಲಗಿ ಅತ್ತೆ. ಮೇಲಿಂದ ವಾಚರ್, "ಏನಾರ ಅದಾ ಅಕ್ಕಾ?" ಎಂದು ಕೂಗಿದರು. "ಏನೂ ಇಲ್ಲ ಅಣ್ಣ," ಎಂದೆ.

ಮಾರನೇ ದಿನ ಮೇಡಂ ಹಸಿರು ಪುಸ್ತಕವನ್ನು ನನ್ನ ಮುಂದೆ ಇಟ್ಟು, ನೀನೇ ಬರಿಯಮ್ಮ, ನನ್ನ ಕೈಲಾಗುವುದಿಲ್ಲ ಎಂದರು. ನಾನೇ ಸೊನ್ನೆ ಬರೆದೆ. ಇನ್ನಿಲ್ಲ ಎಂದು ಅವರು ಬರೆದು ಕಳಿಸಿದರು. ಸ್ವಲ್ಪ ದಿನಕ್ಕೆ ಊರು ಬಿಟ್ಟು ಹೋದರು. ನನಗೆ ಒಂದು ಪೆನ್ನು ಕೊಟ್ಟು ಹೋದರು.

ಬೆಟ್ಟದಿಂದ ಬಂದ ಆ ಸಂಜೆಯದು ಇನ್ನೊಂದು ಮಾತಿದೆ. ಮಡಿಸಿದ ಬಟ್ಟೆಯನ್ನು ಮಾವನ ಕೈಗೆ ಕೊಟ್ಟೆ. ಬಿಚ್ಚಿ ನೋಡಿದರು, ಖಾಲಿ. ನನ್ನ ಮುಖ ನೋಡಿದರು.

"ಗಿಡ ಅವಾ?"

"ಇದೆ ಮಾವ."

ಎಷ್ಟು ಎಂದು ಅವರು ಕೇಳಲಿಲ್ಲ. ಊಟಕ್ಕೆ ಬಡಿಸು ಎಂದರು. ಎರಡು ವರ್ಷ ಕಳೆದು ತೀರಿಕೊಳ್ಳುವವರೆಗೂ, ಬೆಟ್ಟದ ಕಡೆ ಮೋಡ ಕಂಡಾಗೆಲ್ಲ ಕಿಟಕಿಯ ಹತ್ತಿರ ಹಾಸಿಗೆ ಎಳೆಸಿಕೊಂಡು ಸಮಾಧಾನವಾಗಿ ನೋಡುತ್ತಿದ್ದರು.

ಆ ಗಿಡ ಇದೆ ಎಂದು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳು. ಹೋಗಿ ನೋಡಿ ಬರೋಣ ಎಂದು ದೀಪಾವಳಿ ಕಳೆದಾಗೆಲ್ಲ ಅಂದುಕೊಳ್ಳುತ್ತೇನೆ. ಆದರೆ ಹೋದರೆ ನೋಡುತ್ತೇನೆ, ನೋಡಿದರೆ ಎಣಿಸುತ್ತೇನೆ. ಇನ್ನೂ ಹೋಗಿಲ್ಲ.